ಒಗ್ಗರಣೆಯ ಹೊತ್ತಿನ ಉಸಿರು

ಬೆಳಗಿನ ನಮಾಜಿನ ಕರೆ ಮುಗಿಯುವಷ್ಟರಲ್ಲಿ ವಹೀಬಾ ಬೀದಿಬಾಗಿಲ ಪಕ್ಕದ ಗುಡಾಣಕ್ಕೆ ನೀರು ತುಂಬಿರುತ್ತಾಳೆ. ತಳದ ಪಾಚಿ ತಿಕ್ಕಿ, ಹೊಸ ನೀರು ಹೊಯ್ದು, ಮರದ ಮುಚ್ಚಳದ ಮೇಲೆ ತಗಡಿನ ಲೋಟ ಬೋರಲು ಹಾಕುತ್ತಾಳೆ. ಕಬ್ಬಿನ ಗದ್ದೆಗೆ ಹೋಗುವವರು, ಶಾಲೆಯ ಮಕ್ಕಳು, ಕತ್ತೆಗಾಡಿಯವರು, ಯಾರು ಬೇಕಾದರೂ ಕುಡಿಯಬಹುದು. ಗಂಡನನ್ನು ಮಣ್ಣು ಮಾಡಿದ ಮಾರನೆಯ ಬೆಳಗ್ಗೆಯೂ ತುಂಬಿದಳು. ನೋಡಿದ ಕೆಲವರು ಅವಳ ಮನಸ್ಸು ಕಲ್ಲು ಎಂದರು. ನನಗೆ ಹಾಗನ್ನಿಸಲಿಲ್ಲ. ಕೈ ತನ್ನ ಕೆಲಸವನ್ನು ಮಾಡುತ್ತಿತ್ತು, ಅಷ್ಟೆ.

ಲಕ್ಸರ್ ಪಟ್ಟಣದ ಎದುರು, ನದಿಯ ಈಚೆ ದಡದಲ್ಲಿ, ಗುಡ್ಡದ ಬುಡದಲ್ಲಿ ನಮ್ಮ ಊರು. ನನ್ನ ಮನೆಗೂ ವಹೀಬಾಳ ಮನೆಗೂ ನಡುವೆ ಒಂದೇ ಗೋಡೆ. ರಾಜರ ಗೋರಿಗಳನ್ನು ನೋಡಿ ಬಿಸಿಲಿಗೆ ಬಸವಳಿದು ಬರುವ ಪರದೇಶದವರಿಗೆ ಅವಳ ಮಾಳಿಗೆಯ ಮೇಲೆ ದುಡ್ಡಿಗೆ ಮಧ್ಯಾಹ್ನದ ಊಟ. ಮೊದಲು ಒಣಗಿದ ಕೆಂಪು ಪುಂಡಿ ಹೂವು ನೆನೆಸಿದ ತಣ್ಣನೆಯ ಪಾನಕ. ಆಮೇಲೆ ಬಿಸಿಲಿಗಿಟ್ಟು ಉಬ್ಬಿಸಿ ಸುಟ್ಟ ದಪ್ಪ ರೊಟ್ಟಿ, ಅನ್ನ, ಬಾತುಕೋಳಿ, ಮುಲೂಖಿಯಾ.

ಮುಲೂಖಿಯಾ ಎಂದರೆ ಸಣ್ಣಗೆ ಕೊಚ್ಚಿದ ಲೋಳೆಸೊಪ್ಪಿನ ಸಾರು. ಬಾತುಕೋಳಿ ಬೇಯಿಸಿದ ರಸಕ್ಕೆ ಸೊಪ್ಪು ಕದಡಿ, ಕುದಿ ಏಳುವ ಮುಂಚೆ ಬೆಳ್ಳುಳ್ಳಿ, ಕೊತ್ತಂಬರಿ ಬೀಜದ ಒಗ್ಗರಣೆ ಹೊಯ್ಯಬೇಕು. ಅದು ಚುಯ್ ಎನ್ನುವ ಗಳಿಗೆಗೆ ಸರಿಯಾಗಿ, ಅಡುಗೆಯವಳು ಬೆಚ್ಚಿಬಿದ್ದವಳ ಹಾಗೆ ಉಸಿರನ್ನು ಜೋರಾಗಿ ಒಳಕ್ಕೆಳೆದುಕೊಳ್ಳಬೇಕು. ಇಲ್ಲದಿದ್ದರೆ ಸೊಪ್ಪು ತಳ ಸೇರುತ್ತದೆ, ನೀರು ಮೇಲೆ ನಿಲ್ಲುತ್ತದೆ. ನಮ್ಮ ತಾಯಂದಿರು ಹಾಗೆ ಮಾಡಿದರು, ನಾವೂ ಮಾಡುತ್ತೇವೆ.

ವಹೀಬಾಳ ಉಸಿರಿಗೆ ಊರಿನಲ್ಲೇ ಹೆಸರಿತ್ತು. ಅತಿಥಿಗಳು ಮಾಳಿಗೆಯಿಂದ ಇಳಿದು ಬಂದು, ಅಡುಗೆಮನೆ ಬಾಗಿಲಲ್ಲಿ ಫೋನ್ ಎತ್ತಿ ಹಿಡಿದು ಕಾಯುತ್ತಿದ್ದರು. ಗಂಡ ಹಜ್ಜಾಜ್ ದೋಣಿಯ ಕೆಲಸ ಬಿಟ್ಟ ಮೇಲೆ ಹೊರಗಿನ ಮಣ್ಣಿನ ಜಗಲಿಯ ಮೇಲೆ ಕೂತಿರುತ್ತಿದ್ದ. ಒಳಗಿನಿಂದ ಅವಳ ಉಸಿರು ಕೇಳಿದೊಡನೆ, ಹೆದರಿದವರಿಗೆ ನಾವು ಹೇಳುವ ಮಾತನ್ನೇ ಹೇಳುತ್ತಿದ್ದ.

"ಅಲ್ಲಾಹನ ಹೆಸರು ನಿನ್ನ ಮೇಲಿರ್ಲಿ ಕಣೇ. ಏನಾಯ್ತೇ?"

"ನಿಮ್ಮ ಮುಖ ನೆನಪಾಯ್ತು," ಎಂದು ಅವಳು ಒಳಗಿನಿಂದ ಕೂಗುತ್ತಿದ್ದಳು.

ಭಾಷೆ ತಿಳಿಯದ ಅತಿಥಿಗಳೂ ನಗುತ್ತಿದ್ದರು. ಗೋಡೆಯ ಈಚೆ ನಾನೂ ನಗುತ್ತಿದ್ದೆ.

ಖರ್ಜೂರ ಇಳಿಸುವ ಕಾಲದ ಒಂದು ಮಧ್ಯಾಹ್ನ ಅವಳು ಉಸಿರೆಳೆದಳು, ಹೊರಗಿನಿಂದ ಮಾತು ಬರಲಿಲ್ಲ. "ಮಸೀದಿಗೆ ಹೋಗಿರ್ಬೇಕು ಅಂದ್ಕೊಂಡೆ," ಎಂದು ಆಮೇಲೆ ನನಗೆ ಹೇಳಿದಳು. ಸಾರು ಬಡಿಸಿದಳು. ಅತಿಥಿಗಳು ಉಂಡು, ಪುದೀನ ಹಾಕಿದ ಚಹಾ ಕುಡಿದು ಕೆಳಗಿಳಿದರು. ಅವರನ್ನು ಕಳಿಸಲು ಬಾಗಿಲಿಗೆ ಬಂದಾಗ ಹಜ್ಜಾಜ್ ಜಗಲಿಯ ಮೇಲೆಯೇ ಗೋಡೆಗೆ ಒರಗಿ ಕೂತಿದ್ದ. ಜಪಮಾಲೆ ತೊಡೆಯ ಮೇಲಿತ್ತು. ಅತಿಥಿಗಳು ಅವನಿಗೆ ಕೈಬೀಸಿ ವ್ಯಾನು ಹತ್ತಿದರು. ಅವನು ತಿರುಗಿ ಬೀಸಲಿಲ್ಲ.

ವಹೀಬಾ ಅಳಲಿಲ್ಲ. ಬಂದ ಹೆಂಗಸರು ಎದೆ ಬಡಿದುಕೊಂಡು ಅಳುವಾಗ ಅವಳು ಅವರಿಗೆ ಸಕ್ಕರೆಯಿಲ್ಲದ ಕಾಫಿ ಬಗ್ಗಿಸಿ ಕೊಡುತ್ತಿದ್ದಳು. ನಾನು ರಾತ್ರಿ ಓದುವ ಪ್ರಾರ್ಥನೆಯಲ್ಲಿ ಹಜ್ಜಾಜನ ಹೆಸರು ಸೇರಿಸಿಕೊಂಡೆ. ಸ್ವಲ್ಪ ದಿನ ಕಳೆದ ಮೇಲೆ ಅವಳದ್ದನ್ನೂ ಸೇರಿಸಿದೆ.

ನಲವತ್ತನೆಯ ದಿನದ ಕುರಾನ್ ಓದು ಮುಗಿದ ಮೇಲೆ ಅವಳ ಅಕ್ಕನ ಮಗ ಶಾಜ್ಲಿ ಬಂದ. ಪ್ರವಾಸಿಗಳನ್ನು ಸುತ್ತಾಡಿಸಿ ಊಟಕ್ಕೆ ಕರೆತರುವವನು ಅವನೇ.

"ಖಾಲಾ, ಮತ್ತೆ ಶುರು ಮಾಡೋಣ್ವಾ?"

"ಮಾಡೋಣ."

ಶುರು ಮಾಡಿದಳು. ಉಪ್ಪು ಖಾರ ಎಲ್ಲ ಮೊದಲಿನಂತೆಯೇ ಇತ್ತು. ಒಗ್ಗರಣೆ ಹೊಯ್ಯುವಾಗ ಮಾತ್ರ, ಬಾಯಿ ತೆರೆದರೂ ದಿನವೂ ಬಂದು ಹೋಗುವ ಉಸಿರೇ ಬಂತು. ಸೊಪ್ಪು ತಳ ಸೇರಿತು. ಅತಿಥಿಗಳಿಗೆ ರುಚಿಯಲ್ಲಿ ಏನೂ ತಿಳಿಯಲಿಲ್ಲ. ಆದರೆ ಆ ಸದ್ದೆಲ್ಲಿ ಎಂದು ಶಾಜ್ಲಿಯನ್ನು ಕೇಳಿದರು. ಮುಂದಿನ ತಂಡದವರೂ ಕೇಳಿದರು. ಒಂದು ಸಂಜೆ ಅವನು ಅವಳ ಎದುರು ಕುಕ್ಕರಗಾಲಿನಲ್ಲಿ ಕೂತ. ನಾನು ಅಲ್ಲೇ ಸೊಪ್ಪು ಬಿಡಿಸುತ್ತಿದ್ದೆ.

"ಖಾಲಾ, ಒಂದ್ಸಲ ಹಾಂ ಅನ್ನೋಕೇನು ಕಷ್ಟ?"

"ಅಂದ್ನಲ್ಲೋ."

"ಅದು ಆಕಳಿಕೆ ಥರ ಇತ್ತು. ಪಾಪ, ಫೋನ್ ಹಿಡ್ಕೊಂಡು ಹಿಡ್ಕೊಂಡು ಅವ್ರ ತೋಳು ಬಿದ್ದುಹೋಯ್ತು."

"ಹೆದರಿಕೆ ಆದ್ರೆ ತಾನೇ ಅದು ಬರೋದು. ನಂಗೆ ಹೆದರಿಕೆ ಆಗಲ್ಲ ಈಗ."

"ಹಂಗಾದ್ರೆ ನಾನು ಹೆದರಿಸ್ಲಾ? ಪಾತ್ರೆ ಹಿಂದೆ ಒಂದು ಹಾವು ಬಿಡ್ತೀನಿ."

"ಬಿಡು. ಅದಕ್ಕೂ ಒಂದು ತಟ್ಟೆ ಇಡ್ತೀನಿ."

ಶಾಜ್ಲಿ ನಕ್ಕ. ನಕ್ಕು ಮುಗಿದ ಮೇಲೆ ಕಿವಿ ಕೆರೆದುಕೊಂಡ.

"ಪೇಟೆಯ ಟೂರ್ ಆಫೀಸಿನೋರು ಹೇಳಿಬಿಟ್ಟಿದಾರೆ ಖಾಲಾ. ಈ ಗುರುವಾರ ದೊಡ್ಡ ತಂಡ ಬರ್ತಾ ಇದೆ. ಅವತ್ತೂ ಹಿಂಗೇ ಆದ್ರೆ, ಮುಂದಿಂದೆಲ್ಲ ಕಾಲುವೆ ಹತ್ರದ ನಬವಿಯಾ ಮನೆಗೆ ಅಂತೆ."

"ಕರ್ಕೊಂಡ್ ಹೋಗು. ಅವಳೂ ಚೆನ್ನಾಗ್ ಮಾಡ್ತಾಳೆ."

"ಆಮೇಲೆ ನೀನೇನ್ ಮಾಡ್ತೀಯ?"

ದೋಣಿ ಮಾರಿಯಾಗಿತ್ತು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಕೆನಾದಲ್ಲಿದ್ದರು. ಈ ಊಟ ನಿಂತರೆ ಅವಳ ಮಾಳಿಗೆಯ ಮೆಟ್ಟಿಲು ಹತ್ತುವವರು ಯಾರೂ ಇರುವುದಿಲ್ಲ. ಅದು ನನಗೂ ಗೊತ್ತಿತ್ತು, ಶಾಜ್ಲಿಗೂ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಗೊತ್ತಿದ್ದೂ ಅದು ಪಕ್ಕದೂರಿನ ಸುದ್ದಿಯ ಹಾಗೆ ಅವಳ ಕಿವಿಯ ಹತ್ತಿರ ಬಂದು ಹೋಗುತ್ತಿತ್ತು.

ಗುರುವಾರ ಎದುರುಮನೆಯ ಫವ್ಕಿಯಾ ತಾನಾಗಿಯೇ ಬಂದಳು. ಅವಳ ಗಂಟಲು ಊರಿಗೆಲ್ಲ ಗೊತ್ತು. ಈಚೆ ದಡದಲ್ಲಿ ಅವಳು ಗಂಡನನ್ನು ಬಯ್ದರೆ ಆಚೆ ದಡದ ಗಂಡಸರು ಮನೆಗೆ ಹೊರಡುತ್ತಾರೆ. ನಾನು ಎರಡು ಹಿಡಿಯ ಬಾಗುಕತ್ತಿಯಿಂದ ಸೊಪ್ಪು ಕೊಚ್ಚುತ್ತಿದ್ದೆ, ಅವಳು ಟೊಮ್ಯಾಟೊ ತೊಳೆಯಲು ಕೂತಳು.

"ನೋಡೇ ವಹೀಬಾ, ನಾನೊಂದು ಯೋಚ್ನೆ ಮಾಡಿದೀನಿ. ನೀನು ಒಗ್ಗರಣೆ ಹುಯ್ಯಿ. ನಾನು ಬಾಗಿಲ ಹಿಂದೆ ನಿಂತು ಉಸಿರೆಳೀತೀನಿ. ಅವ್ರಿಗೆ ನಿನ್ನ ಬೆನ್ನು ತಾನೇ ಕಾಣೋದು?"

"ನಿಂಗ್ಯಾಕೆ ಬೇಡದ ಕೆಲ್ಸ?"

"ಉಸಿರಾಡೋದೂ ಒಂದು ಕೆಲ್ಸಾನೇನೇ? ಕೇಳಿಲ್ಲಿ."

ಫವ್ಕಿಯಾ ಎಳೆದಳು. ಅಂಗಳದ ಕೋಳಿಗಳು ದಿಕ್ಕಾಪಾಲಾದವು. ನನ್ನ ಕತ್ತಿ ನಿಂತಿತು.

"ಇದು ಮುಲೂಖಿಯಾದ್ದಲ್ಲ ಕಣೇ," ಎಂದೆ ನಾನು. "ಅತ್ತೆ ಊರಿಂದ ಬಂದ್ಳು ಅನ್ನೋ ಥರ ಇದೆ."

"ಆ ಹೆದರಿಕೆ ಸಾಲ್ದಾ?" ಎಂದಳು ಫವ್ಕಿಯಾ.

ವಹೀಬಾಳ ತುಟಿ ಸ್ವಲ್ಪ ಅಗಲವಾಯಿತು. ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಅವಳು ಒಪ್ಪಿಕೊಂಡಳು ಎಂದೇ ನಾವಿಬ್ಬರೂ ತಿಳಿದೆವು. ನನಗೆ ಸಮಾಧಾನವೂ ಆಯಿತು. ದೇವರು ಒಂದು ದಾರಿ ತೋರಿಸಿದ ಎಂದುಕೊಂಡೆ.

ಮಧ್ಯಾಹ್ನ ಶಾಜ್ಲಿಯ ದನಿ ಕೇಳಿಸಿತು. ಅತಿಥಿಗಳು ಪಾನಕ ಕುಡಿದು ಅಡುಗೆಮನೆಯ ಬಾಗಿಲಿಗೆ ಬಂದು ಗುಂಪುಗೂಡಿದರು. ಫೋನುಗಳು ಮೇಲೆದ್ದವು. ಫವ್ಕಿಯಾ ಕದದ ಹಿಂದೆ ಸೇರಿಕೊಂಡು, ಎರಡೂ ಕೈ ಎದೆಯ ಮೇಲಿಟ್ಟುಕೊಂಡು ತಯಾರಾದಳು. ಬಾಣಲೆಯಲ್ಲಿ ಬೆಳ್ಳುಳ್ಳಿ ಕೆಂಪಾಗಿ, ಇನ್ನು ಬಿಟ್ಟರೆ ಸೀಯುವ ಹಾಗಿತ್ತು.

ವಹೀಬಾ ಬಟ್ಟೆ ಹಿಡಿದು ಬಾಣಲೆ ಎತ್ತಿದಳು. ಪಾತ್ರೆಯ ಕಡೆಗೆ ತಿರುಗಿದವಳು ಹಾಗೇ ನಿಂತು, ಒಂದು ಹೆಜ್ಜೆ ಪಕ್ಕಕ್ಕಿಟ್ಟು, ಕದದ ಹಿಂದೆ ಬಾಯಿ ತೆರೆದುಕೊಂಡಿದ್ದ ಫವ್ಕಿಯಾಳ ಬಾಯಿಯ ಮೇಲೆ ತನ್ನ ಎಡ ಅಂಗೈ ಇಟ್ಟಳು. ಒತ್ತಲಿಲ್ಲ, ಸುಮ್ಮನೆ ಇಟ್ಟಳು. ಶಾಜ್ಲಿ ನನ್ನ ಮುಖ ನೋಡಿದ.

"ಬೇಡಮ್ಮ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. "ನಿನ್ನ ಉಸಿರು ನಿಂಗೇ ಇರ್ಲಿ. ಸೊಪ್ಪು ತಳಕ್ಕೆ ಹೋದ್ರೆ ಹೋಗ್ಲಿ, ಹಂಗೇ ಬಡಿಸ್ತೀನಿ."