ನಾಲ್ಕು ಬೆರಳು ತಗ್ಗಿನ ಬೆಂಚು

ಮೇಣ ಹದ ಮೀರಿ ಕಾದರೆ ಒಂದು ವಾಸನೆ ಏಳುತ್ತದೆ. ಆಗಷ್ಟೇ ಆರಿಸಿದ ದೀಪದ ಬತ್ತಿಯಂತೆ, ಆದರೆ ಅದಕ್ಕಿಂತ ಗಾಢ. ಮೊನ್ನೆ ಹೆಂಡರ್ಸನ್ ಬಡಾವಣೆಯ ನಮ್ಮ ವರ್ಕ್‌ಶಾಪಿನಲ್ಲಿ ಆ ವಾಸನೆ ಎದ್ದಿತು. ಸ್ಕೀ ಬಾಡಿಗೆಗೆ ಕೊಡುವ ಅಂಗಡಿ ನಮ್ಮದು. ಹಿಮದ ಮೇಲೆ ಜಾರಲು ಕಾಲಿಗೆ ಸಿಕ್ಕಿಸಿಕೊಳ್ಳುವ ಆ ಉದ್ದನೆಯ ಹಲಗೆಗಳ ಅಡಿಗೆ ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಮೇಣ ಹಚ್ಚುವುದು ನನ್ನ ಕೆಲಸ. ಈ ಚಳಿಗಾಲಕ್ಕೆಂದು ಸೇರಿರುವ ನಿವೃತ್ತ ಬಸ್ ಡ್ರೈವರ್ ಒಬ್ಬರು ಪೆಟ್ಟಿಗೆಯನ್ನು ಒಂದೇ ಕಡೆ ಇಟ್ಟುಕೊಂಡು ರಗ್ಬಿಯ ಮಾತಾಡುತ್ತಿದ್ದರು.

"ನಿಲ್ಲಿಸಬೇಡಿ, ಓಡಿಸ್ತಾ ಇರಿ" ಎಂದೆ.

ಅವರು ಸೊಂಟ ಹಿಡಿದುಕೊಂಡು ನೆಟ್ಟಗಾದರು. "ಮೇಟ್, ಈ ಬೆಂಚು ಯಾಕೆ ಇಷ್ಟು ತಗ್ಗು? ನೀನು ನನಗಿಂತ ಉದ್ದ ಇದ್ದೀಯ. ಯಾವ ಕುಳ್ಳ ಕಟ್ಟಿದ್ದು ಇದನ್ನ?"

ಕಟ್ಟಿದವನು ನಾನೇ. ಕುಳ್ಳಿ ನಮ್ಮಕ್ಕ.

ಮೈಸೂರಿನಲ್ಲಿ ನಮ್ಮದು ಇಸ್ತ್ರಿ ಗಾಡಿ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಅಕ್ಕ ಸ್ಕೂಲು ಬಿಟ್ಟು ಇದ್ದಿಲ ಪೆಟ್ಟಿಗೆ ಹಿಡಿದಳು. ನಾನು ಓದಲಿ ಎಂದು ನನ್ನನ್ನು ಗಾಡಿಯ ಹತ್ತಿರ ಸೇರಿಸುತ್ತಿರಲಿಲ್ಲ. ಆದರೂ ನಾನು ಏಳನೇ ಕ್ಲಾಸಿಗೇ ಓದು ಬಿಟ್ಟೆ. ಮುಂದೆ ಅವಳು ಮದುವೆಯಾಗಿ ಸಮುದ್ರ ದಾಟಿ ಈ ದೇಶಕ್ಕೆ, ಇದೇ ಊರಿನ ಪಾಪಟೋಟೊಯಿ ಬಡಾವಣೆಗೆ ಬಂದಳು. ಭಾವ ಏರ್‌ಪೋರ್ಟಿನಲ್ಲಿ ಟ್ರಕ್ ಓಡಿಸುತ್ತಾರೆ. ಕೆಲವು ವರ್ಷಗಳಲ್ಲಿ ನನ್ನನ್ನೂ ಕರೆಸಿಕೊಂಡಳು. ಇಲ್ಲಿಯೂ ಅವಳು ಗರಾಜಿನಲ್ಲಿ ಸುತ್ತಲಿನ ಆಂಟಿಯರ ರೇಷ್ಮೆ ಸೀರೆಗಳಿಗೆ ಇಸ್ತ್ರಿ ಮಾಡುತ್ತಿದ್ದಳು. ಯುಗಾದಿ ಊಟದಲ್ಲಿ ಯಾರಾದರೂ ವಿಚಾರಿಸಿದರೆ "ನಮ್ಮಕ್ಕ ಟೈಲರಿಂಗ್ ಮಾಡ್ತಾಳೆ" ಎನ್ನುತ್ತಿದ್ದೆ. ಅವಳಿಗೆ ಅದು ಕೇಳಿಸಿದ್ದೂ ಉಂಟು.

ಆಗ ನಾನು ಈ ಅಂಗಡಿಯಲ್ಲಿ ನೆಲ ಒರೆಸುತ್ತಿದ್ದೆ. ಸೀಸನ್ ಶುರುವಾಗುವ ಹೊತ್ತಿಗೆ ಮೇಣ ಹಚ್ಚುವವನು ಕೆಲಸ ಬಿಟ್ಟು ಹೋದ. ಓನರ್ ನನ್ನನ್ನು ಕರೆದು, ಈ ಕೆಲಸ ಬರುತ್ತದಾ ಎಂದರು. ಬರುತ್ತದೆ ಎಂದುಬಿಟ್ಟೆ. ಇಪ್ಪತ್ತು ಜೋಡಿ ಸ್ಕೀ, ಪ್ರಯೋಗಕ್ಕೆಂದು ಒಂದು ಮುರುಕು ಸ್ಕೀ, ಒಂದು ಚೀಲ ಮೇಣ ಕೊಟ್ಟು, "ಎರಡು ವಾರ. ಚೆನ್ನಾಗಿ ಮಾಡಿದರೆ ಈ ಕೆಲಸ ನಿನ್ನದು" ಎಂದರು. ಹಳೆ ಸಾಮಾನಿನ ಅಂಗಡಿಯಿಂದ ಒಂದು ಇಸ್ತ್ರಿಪೆಟ್ಟಿಗೆ ತಂದು, ಅಕ್ಕನ ಗರಾಜಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಆ ಮುರುಕು ಸ್ಕೀಯನ್ನು ಇಟ್ಟು ಶುರುಮಾಡಿದೆ. ಕುರ್ಚಿ ಅಲ್ಲಾಡಿತು, ಅದನ್ನು ಹಿಡಿಯಲು ಪೆಟ್ಟಿಗೆ ನಿಲ್ಲಿಸಿದೆ, ಅಷ್ಟರಲ್ಲಿ ಸ್ಕೀಯ ಅಡಿಭಾಗದಲ್ಲಿ ಬೊಬ್ಬೆ ಎದ್ದಿತು. ಗರಾಜಿನ ತುಂಬ ಹೊಗೆ.

"ಏನ್ಲಾ, ಮನೆ ಸುಡ್ತಿದ್ದೀಯಾ?" ಅಕ್ಕ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಬಂದಳು. ವಿಷಯ ಹೇಳಿದೆ. ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ.

"ಅಪ್ಪನ ಗಾಡಿ ಹತ್ರ ಒಂದಿನಾನೂ ನಿಲ್ದೆ ಇದ್ದೋನು, ಸಮುದ್ರ ದಾಟಿ ಬಂದು ಇಸ್ತ್ರಿ ಮಾಡ್ತೀನಿ ಅಂತ ಒಪ್ಕೊಂಡವ್ನೆ. ಮೊದ್ಲು ಒಂದು ಬೆಂಚ್ ಮಾಡು. ಅಲ್ಲಾಡೋದ್ರ ಮೇಲೆ ಯಾರಾದ್ರೂ ಇಸ್ತ್ರಿ ಹಾಕ್ತಾರಾ?"

ಆ ವಾರ ನಮ್ಮ ಬೀದಿಯಲ್ಲಿ ನಗರಸಭೆಯವರು ಹಳೆ ಸಾಮಾನುಗಳನ್ನು ಎತ್ತಿಕೊಂಡು ಹೋಗುವ ವಾರ. ಯಾರೋ ಹೊರಗಿಟ್ಟಿದ್ದ ಗಟ್ಟಿ ಬಾಗಿಲೊಂದನ್ನು ಹೊತ್ತು ತಂದೆವು. ಸರಕು ಪೇರಿಸುವ ಪ್ಯಾಲೆಟ್‌ಗಳ ದಪ್ಪ ಮರದಿಂದ ಕಾಲು ಮಾಡಿದೆ. ಬಾಗಿಲಿನ ಎರಡು ಕಡೆ ಒಂದೇ ಎತ್ತರದ ಮರದ ದಿಮ್ಮಿಗಳನ್ನು ಕೂರಿಸಿ, ಸ್ಕೀ ಜಾರದಂತೆ ಮೇಲೆ ಸೈಕಲ್ ಟ್ಯೂಬಿನ ರಬ್ಬರ್ ಬಡಿದೆ. ಅಂಚಿಗೆ ಅರ ಹಾಕುವಾಗ ಸ್ಕೀಯನ್ನು ಪಕ್ಕಕ್ಕೆ ನಿಲ್ಲಿಸಬೇಕಲ್ಲ, ಅದಕ್ಕೆ ದಿಮ್ಮಿಗಳಲ್ಲಿ ಒಂದೊಂದು ಕಚ್ಚು ಕೊರೆದೆ. ಬೂಟು ಸಿಕ್ಕಿಸುವಲ್ಲಿ ಎರಡು ಕಬ್ಬಿಣದ ಬ್ರೇಕ್ ಕಡ್ಡಿಗಳಿರುತ್ತವೆ; ಅವು ಕೆಲಸಕ್ಕೆ ಅಡ್ಡ ಬರದಂತೆ ಮೇಲಕ್ಕೆಳೆದು ಕಟ್ಟಲು ಅಕ್ಕ ಅದೇ ಟ್ಯೂಬನ್ನು ಬಳೆಬಳೆಯಾಗಿ ಕತ್ತರಿಸಿಕೊಟ್ಟಳು.

ಬೆಂಚು ನನ್ನ ಎತ್ತರಕ್ಕೆ ಸರಿಯಾಗಿತ್ತು. ಅಕ್ಕ ಅದರ ಮುಂದೆ ನಿಂತು ಮೊಣಕೈ ಎತ್ತಿ ನೋಡಿದಳು.

"ಇಳ್ಸು."

"ನನಗೆ ತಗ್ಗಾಗುತ್ತೆ ಅಕ್ಕ."

"ಪೆಟ್ಟಿಗೆ ಹಿಡಿಯೋರ್ ಯಾರು, ನೀನಾ? ನಾಲ್ಕ್ ಬೆರಳು ಕುಯ್ಯಿ."

ಕುಯ್ದೆ.

ಆಮೇಲೆ ಅವಳು ಹಚ್ಚಿದ ರೀತಿಯನ್ನು ನೋಡಬೇಕಿತ್ತು. ಮೇಣದ ಗಟ್ಟಿಯನ್ನು ಪೆಟ್ಟಿಗೆಗೆ ಒತ್ತಿ ಹನಿ ಇಳಿಯುವುದನ್ನು ನೋಡುವಳು. ಒಂದೆಳೆ ಹೊಗೆ ಕಂಡರೂ ಕಾವು ಇಳಿಸುವಳು. "ರೇಷ್ಮೆ ಕಾವು ಕಣೋ ಇದು. ಕಾಟನ್ ಕಾವಿಗೆ ಹೋದ್ರೆ ಸುಟ್ಟೋಯ್ತು." ಮೂತಿಯಿಂದ ಬಾಲದವರೆಗೆ ಪೆಟ್ಟಿಗೆ ಎಲ್ಲೂ ನಿಲ್ಲದೆ ಹೋಗಬೇಕು. ಹಿಂದೆ ಒಂದು ಗೇಣಿನಷ್ಟು ಮೇಣ ಹೊಳೆಯಬೇಕು, ಅದರಾಚೆ ಮಂಕಾಗಬೇಕು. ಇದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಮೂರನೇ ಜೋಡಿಗೆ ತಾನೇ ಕಂಡುಕೊಂಡಳು. ಆರಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆಯುವುದು, ಬ್ರಷ್ ಹೊಡೆಯುವುದು ನನ್ನ ಪಾಲು. ಬಿಡುವಿನಲ್ಲಿ ಆ ಮುರುಕು ಸ್ಕೀಯ ಮೇಲೆ ನನ್ನ ಮಣಿಕಟ್ಟು ಹಿಡಿದು ಕಲಿಸಿದಳು. ಇಪ್ಪತ್ತು ಜೋಡಿಯೂ ಗೋಡೆಗೆ ಒರಗಿ ನಿಂತ ದಿನ ಗರಾಜಿನ ಬಾಗಿಲು ತೆರೆದರೆ, ಬಿಸಿಲು ಬಿದ್ದು ಒಂದೊಂದೂ ಕನ್ನಡಿ.

ಸ್ಕೀಗಳನ್ನು ಒಯ್ಯಲು ಬಂದ ಓನರ್ ಒಂದರ ಮೇಲೆ ಬೆರಳಾಡಿಸಿ, "ಎಲ್ಲಾ ನೀನೊಬ್ಬನೇ ಮಾಡಿದ್ದಾ?" ಎಂದರು.

"ಹೌದು" ಎಂದೆ.

ಆ ಒಂದು ಮಾತು. ಕೆಲಸ ನನ್ನದಾಯಿತು. ಬೆಂಚೂ ಅವರ ಪಿಕಪ್ ಗಾಡಿ ಏರಿ ಅಂಗಡಿಗೆ ಬಂತು.

ಸೀಸನ್‌ನ ಮೊದಲ ಶನಿವಾರ ಓನರ್ ಅಂಗಡಿಯ ವ್ಯಾನಿನಲ್ಲಿ ನಮ್ಮಿಬ್ಬರನ್ನೂ ರುವಾಪೆಹು ಬೆಟ್ಟಕ್ಕೆ ಕರೆದೊಯ್ದರು. ಅಕ್ಕ ಹಿಮ ನೋಡಿದ್ದು ಅದೇ ಮೊದಲು. ಸೀರೆಯ ಮೇಲೆ ಭಾವನ ಜಾಕೆಟ್ ಹಾಕಿಕೊಂಡು ಬೇಲಿಯ ಹತ್ತಿರ ನಿಂತಳು. ಬಾಡಿಗೆ ಸ್ಕೀಗಳ ಮೂತಿಯ ಮೇಲೆ ದೊಡ್ಡ ನಂಬರ್ ಅಂಟಿಸಿರುತ್ತಾರೆ. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ನಂಬರ್ ಬರುತ್ತಿತ್ತು. ಮೇಲಿನಿಂದ ಹೆಂಗಸೊಬ್ಬಳು ಸೊಯ್ಯನೆ ಇಳಿದುಬಂದು ನಮ್ಮ ಮುಂದೆ ಹಾದುಹೋದಳು.

"ಹದಿನೇಳು. ಲೋ, ಹದಿನೇಳು ನಂದು!"

ಹಿಂದೆಯೇ ಇನ್ನೊಬ್ಬ. "ನಾಲ್ಕು. ಅದೂ ನಂದೇ." ಒಂದು ಸಂಸಾರವೇ ಇಳಿಯಿತು. "ಒಂಬತ್ತು, ಹನ್ನೆರಡು, ಆರು... ನೋಡ್ಲಾ, ಸುಕ್ಕೇ ಇಲ್ದಂಗೆ ಹೋಯ್ತಾವೆ." ಬೇಲಿ ಹಿಡಿದು ಕುಣಿಯುತ್ತಿದ್ದಳು. ಅಷ್ಟು ದೊಡ್ಡ ಬಿಳಿ ಬೆಟ್ಟ ಅವಳು ಇಸ್ತ್ರಿ ಹಾಕಿ ಹರವಿದ ಬಟ್ಟೆಯಂತಿತ್ತು. ಅಪ್ಪನ ಗಾಡಿಯ ಮುಂದೆ ಅವಳು ಅಷ್ಟು ಎತ್ತರವಾಗಿ ನಿಂತಿದ್ದನ್ನು ನಾನು ನೋಡಿರಲಿಲ್ಲ.

ಆಗ ಓನರ್ ಬಂದು, "ನಿಮ್ಮ ತಮ್ಮನ ಕೈಯಲ್ಲಿ ಜಾದೂ ಇದೆ" ಎಂದರು. ಅಷ್ಟು ಇಂಗ್ಲಿಷ್ ಅವಳಿಗೆ ತಿಳಿಯುತ್ತಿತ್ತು. ನನ್ನ ಕಡೆ ನೋಡಿದಳು. ನಾನು ಮಾತಾಡಲೆಂದು ಕಾದಳು. ನಾನು ನನ್ನ ಬೂಟು ನೋಡಿಕೊಂಡೆ.

"ಯೆಸ್" ಎಂದಳು ಅಕ್ಕ. "ವೆರಿ ಗುಡ್ ಬಾಯ್."

ಅವರು ಹೋದ ಮೇಲೆ ನನ್ನ ತಲೆಗೆ ಒಂದು ಮೊಟಕಿ, "ಕೈ ನಂದು, ಹೆಸರು ನಿಂದು. ಇರ್ಲಿ ಬುಡು, ಟೀ ಕುಡ್ಸು" ಎಂದು ನಕ್ಕಳು. ನಾಳೆ ಹೇಳಿಬಿಡುತ್ತೇನೆ ಎಂದುಕೊಂಡೆ. ಆ ನಾಳೆ ಮೂರು ಚಳಿಗಾಲ ಮುಂದೆ ಹೋಯಿತು. ಅಷ್ಟರಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ... ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, "ಬೆಂಚ್ ಎತ್ತರ ಮಾಡ್ಕೊಂಡ್ಯಾ?" ಎಂದು ಕೇಳಿದಳು. ಇಲ್ಲ ಎಂದೆ. "ಮಾಡ್ಕೊ. ಬೆನ್ನು ಹೋಗುತ್ತೆ." ಅವಳು ನನಗೆ ಹೇಳಿದ ಕೊನೆಯ ಬೈಗುಳ ಅದು. ಬೆಂಚನ್ನು ನಾನು ಎತ್ತರಿಸಲಿಲ್ಲ. ದಿನವೂ ಅದರ ಮುಂದೆ ಬಗ್ಗಿದೆ, ಸತ್ಯವನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮೊನ್ನೆ ಬಸ್ ಡ್ರೈವರ್ ಕೇಳಿದಾಗ ಓನರ್ ಪಕ್ಕದಲ್ಲೇ ಇದ್ದರು. ಇನ್ನೂ ಮೂರು ಬೆಂಚು ಮಾಡಿಸಲು ಅಳತೆ ಬರೆದುಕೊಳ್ಳುತ್ತಿದ್ದರು.

"ಇದು ನಮ್ಮಕ್ಕನ ಎತ್ತರ" ಎಂದೆ. "ಆ ಮೊದಲ ಇಪ್ಪತ್ತು ಜೋಡಿಗೆ ಮೇಣ ಹಚ್ಚಿದವಳು ಅವಳು. ನನಗೆ ಈ ಕೆಲಸ ಕಲಿಸಿದವಳೂ ಅವಳೇ. ನಾನು ಸುಳ್ಳು ಹೇಳಿದ್ದೆ."

ಓನರ್ ಪೆನ್ಸಿಲ್ ಕೆಳಗಿಟ್ಟರು. ಆಮೇಲೆ, "ಬೆಟ್ಟದಲ್ಲಿ ನಂಬರ್ ಕೂಗುತ್ತಾ ಕುಣಿಯುತ್ತಿದ್ದರಲ್ಲ, ಅವರು?" ಎಂದರು.

"ಹೌದು. ಅಕ್ಕ."

"ಆವತ್ತು ನಾನು ಅವರ ಕೈ ಕುಲುಕಬೇಕಿತ್ತು." ಪೆನ್ಸಿಲ್ ಎತ್ತಿಕೊಂಡರು. "ಆ ಪದದ ಸ್ಪೆಲ್ಲಿಂಗ್ ಹೇಳು."

ಹೇಳಿದೆ. ಎ, ಕೆ, ಕೆ, ಎ. ಹೊಸ ಬೆಂಚುಗಳಲ್ಲಿ ಒಂದರ ಅಳತೆಯ ಪಕ್ಕದಲ್ಲಿ ಅವರು ಅದನ್ನು ಬರೆದರು. ನಾಲ್ಕು ಬೆರಳು ತಗ್ಗಿನದರ ಪಕ್ಕದಲ್ಲಿ. ಹಳೆಯ ಬೆಂಚಿನ ಕಾಲಿನ ಮೇಲೂ ಅದೇ ನಾಲ್ಕು ಅಕ್ಷರ ಕೊರೆಸಿದರು.

ಈಗ ವರ್ಕ್‌ಶಾಪಿನಲ್ಲಿ ಎಲ್ಲರ ಬಾಯಲ್ಲೂ ಅದೇ. ಅಕ್ಕ ಖಾಲಿ ಇದೆಯಾ, ಈ ಜೋಡಿಯನ್ನು ಅಕ್ಕನ ಮೇಲಿಡು. ಬಸ್ ಡ್ರೈವರಂತೂ ದಿನಕ್ಕೆ ಹತ್ತು ಸಲ ಕೂಗುತ್ತಾರೆ. ಕೂಗಿದಾಗಲೆಲ್ಲ ನನ್ನ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಸೆರಗಿನಿಂದ ಹೊಗೆ ಬೀಸಿಕೊಳ್ಳುತ್ತಾ ಯಾರೂ ಬರುವುದಿಲ್ಲ. ಬೆನ್ನು ಬಗ್ಗಿಸಿ, ಪೆಟ್ಟಿಗೆಯ ಕಾವು ಇಳಿಸಿ, ಮುಂದಿನ ಜೋಡಿಯನ್ನು ಎತ್ತಿಕೊಳ್ಳುತ್ತೇನೆ.