ಭೀಮಣ್ಣ ಬಿಟ್ಟುಹೋದ ಕಲ್ಲು

ಕಳೆದ ಮುಂಗಾರಿನಲ್ಲಿ ಸಿಂಧನೂರಿನ ಗೊಬ್ಬರದಂಗಡಿಯ ಮುಂದೆ ಬೆಳಗಿನಿಂದ ಸಾಲಿನಲ್ಲಿ ನಿಂತಿದ್ದೆ. ಸಣ್ಣಗೆ ಮಳೆ ಹನಿಯತೊಡಗಿತು. ನನ್ನ ಮುಂದಿದ್ದ ಮುದುಕರ ಹೆಗಲ ಮೇಲೆ ಕರಿ ಕಂಬಳಿಯೊಂದಿತ್ತು. ಅದು ನೆನೆಯುತ್ತಿದ್ದಂತೆ ಅದರಿಂದ ಉಣ್ಣೆಯ, ಹೊಗೆಯ, ಕುರಿ ಹಿಕ್ಕೆಯ ವಾಸನೆ ಎದ್ದಿತು. ಆ ವಾಸನೆ ನನ್ನ ಮೂಗಿಗೆ ಬಿದ್ದು ನಲವತ್ತು ವರ್ಷಗಳ ಮೇಲಾಗಿತ್ತು. ಕಂಬಳಿಯ ಹತ್ತಿರಕ್ಕೆ ಒಂದು ಹೆಜ್ಜೆ ಸರಿದೆ. ಅಷ್ಟರಲ್ಲಿ ಅಂಗಡಿಯವನು ಹೊರಗೆ ಬಂದು, "ಯೂರಿಯಾ ಮುಗದೈತ್ರಿ, ಗಾಡಿ ಯಾವಾಗ ಬರ್ತೈತೋ ಗೊತ್ತಿಲ್ಲ" ಎಂದು ಶಟರ್ ಅರ್ಧ ಇಳಿಸಿದ.

ಮಸ್ಕಿ ಹತ್ತಿರದ ನಮ್ಮೂರಿನಲ್ಲಿ ಮಣ್ಣಿನ ಮಾಳಿಗೆಯ ಮನೆಯೊಂದಿತ್ತು. ಮನೆಯ ಹಿಂದೆಯೇ ನಮ್ಮ ಎರೆಹೊಲ. ಬೇಸಿಗೆಯಲ್ಲಿ, ಜೋಳದ ಸುಗ್ಗಿ ಮುಗಿದ ಮೇಲೆ, ಗುರುಗುಂಟಾದಿಂದ ಕುರಿಗಾರ ಭೀಮಣ್ಣ ತನ್ನ ಹಿಂಡನ್ನು ಹೊಡೆದುಕೊಂಡು ಬರುತ್ತಿದ್ದ. ಸಂಜೆಗೆ ಹೊಲದಲ್ಲಿ ಗೂಟ ನೆಟ್ಟು, ಸುತ್ತ ಬಲೆ ಕಟ್ಟಿ, ಕುರಿಗಳನ್ನು ಒಳಗೆ ಕೂಡುತ್ತಿದ್ದ. ಮರುದಿನ ಬಲೆ ಅಷ್ಟು ಮುಂದಕ್ಕೆ ಸರಿಯುತ್ತಿತ್ತು. ಹೀಗೆ ದಿನಕ್ಕೊಂದು ತುಂಡಿನಂತೆ ಹೊಲ ಹಿಕ್ಕೆ, ಉಚ್ಚೆ ಕುಡಿದು ಮಳೆಗೆ ಕಾಯುತ್ತಿತ್ತು. ಇಡೀ ಹೊಲ ಒಂದೇ ವರ್ಷದಲ್ಲಿ ಮುಗಿಯುತ್ತಿರಲಿಲ್ಲ. ಹಿಂಡು ಎಲ್ಲಿ ನಿಂತಿತೋ ಅಲ್ಲಿ ಭೀಮಣ್ಣ ಅಂಗೈಯಗಲದ ಒಂದು ಬಿಳಿ ಕಲ್ಲು ಇಟ್ಟು ಹೋಗುತ್ತಿದ್ದ. ಮುಂದಿನ ವರ್ಷ ಬಲೆ ಆ ಕಲ್ಲಿನಿಂದಲೇ ಶುರು. ಒಮ್ಮೆ ನಾನು ಆಟಕ್ಕೆಂದು ಅದನ್ನು ಎತ್ತಿಕೊಂಡಾಗ ಹೇಳಿದ್ದ: "ಇಡವ್ವ ಅಲ್ಲೇ. ಹೊಲಕ್ಕ ಮತ್ತ ಬರ್ತೀನಂತ ಹೇಳೀನಿ."

ಮೊದಲ ದಿನದ ಊಟ ನಮ್ಮದು. ನನ್ನ ಅಪ್ಪನ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ರೊಟ್ಟಿ, ಪುಂಡಿಪಲ್ಯ, ನಂಚಿಕೊಳ್ಳಲು ಶೇಂಗಾ ಹಿಂಡಿ ಬುಟ್ಟಿಯಲ್ಲಿಟ್ಟು ಹೊಲಕ್ಕೆ ಒಯ್ಯುತ್ತಿದ್ದಳು. ಕುರಿಗಳು ಮಲಗುವ ತನಕ ಭೀಮಣ್ಣ ರೊಟ್ಟಿ ಮುಟ್ಟುತ್ತಿರಲಿಲ್ಲ. ಕಡೆಯ ಕುರಿ ಮಂಡಿಯೂರಿದ ಮೇಲೆ, ತನ್ನ ಮಗ ಬೀರಪ್ಪನನ್ನು ಪಕ್ಕಕ್ಕೆ ಕೂಡಿಸಿಕೊಂಡು, ನಿಧಾನಕ್ಕೆ ಉಣ್ಣುತ್ತಿದ್ದ. ಆ ಹೊಲದ ಜೋಳದ ಹಿಟ್ಟು ಕೈಗೆ ಹತ್ತುತ್ತಿದ್ದ ರೀತಿಯೇ ಬೇರೆ. ಬಡಿದಷ್ಟೂ ಹಿಗ್ಗುವುದು, ಅಂಚು ಒಡೆಯದು. "ಹಿಟ್ಟಿಗೆ ಜಿಗಿ ಐತಿ" ಎಂದು ಆಯಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದಳು.

ನಾನು ಐದನೇ ಇಯತ್ತೆಯಲ್ಲಿ ಓದುತ್ತಿದ್ದ ವರ್ಷ ಅಪ್ಪ ಟ್ರ್ಯಾಕ್ಟರಿನಲ್ಲಿ ಯೂರಿಯಾ ಚೀಲ ತಂದು ಪಡಸಾಲೆಯಲ್ಲಿ ಒಟ್ಟಿದ. ಪಕ್ಕದ ಹೊಲದ ಬೆಳೆ ಆ ಚೀಲದಿಂದ ಕಪ್ಪು ಹಸಿರಾಗಿದ್ದನ್ನು ಅವನು ನೋಡಿದ್ದ. ಎಂದಿನಂತೆ ಭೀಮಣ್ಣ ಬಂದ, ಬಲೆ ಕಟ್ಟಿದ. ಆಮೇಲೆ ಅಪ್ಪ ಹೋಗಿ ಹೇಳಿದ.

"ಈ ವರ್ಷ ಬ್ಯಾಡ ಭೀಮಣ್ಣ. ನಾಳೆ ಟ್ರ್ಯಾಕ್ಟರ್ ಹೊಡಸ್ತೀನಿ."

"ಬಲಿ ಕಟ್ಟೀನಲ್ರಿ ಗೌಡ್ರ."

"ಬಿಚ್ಚು. ಒಂದು ಚೀಲ ನಿನ್ನ ಹಿಂಡಿನಷ್ಟು ಕೆಲಸ ಮಾಡ್ತೈತಿ. ಮ್ಯಾಲೆ ಬ್ಯಾ ಅಂತ ಒದರಂಗಿಲ್ಲ."

ಅಪ್ಪ ನಕ್ಕ. ಭೀಮಣ್ಣನೂ ಮರ್ಯಾದೆಗೆ ನಕ್ಕ. ಆಮೇಲೆ ಒಂದೊಂದೇ ಗಂಟು ಬಿಚ್ಚಿದ; ನಾನು ಎಲ್ಲ ಗಂಟುಗಳನ್ನೂ ನೋಡಿದೆ. ಆಯಿ ಬುಟ್ಟಿ ಹೊತ್ತು ಬಂದವಳು, "ಉಂಡಾದ್ರೂ ಹೋಗಪ್ಪ" ಎಂದಳು.

"ಕುರಿ ನಿಲ್ಲದ ಹೊಲದಾಗ ಹೆಂಗ ಉಣ್ಲೆವ್ವ?" ಎಂದು ಅವನು ಮಗನ ಕೈ ಹಿಡಿದು ನಡೆದ. ಹಿಂಡಿನ ಧೂಳು ಕಾಲುವೆಯ ಕಡೆ ಹೋಯಿತು. ಕಲ್ಲು ಉಳಿಯಿತು. ಬೆಳಿಗ್ಗೆ ಟ್ರ್ಯಾಕ್ಟರ್ ಬರುವ ಮುನ್ನ ನಾನು ಅದನ್ನು ಮನೆಗೆ ತಂದೆ. ಆಯಿ ಅದನ್ನು ತೊಳೆದು ಒಲೆಯ ಪಕ್ಕ ಇಟ್ಟಳು. ಸಾಯುವ ತನಕ ಆ ಕಲ್ಲಿನಿಂದಲೇ ಬೆಳ್ಳುಳ್ಳಿ ಜಜ್ಜಿದಳು.

ಅಪ್ಪ ಕೆಟ್ಟವನಲ್ಲ. ಮೊದಲ ವರ್ಷಗಳಲ್ಲಿ ಬೆಳೆ ಚೆನ್ನಾಗಿಯೇ ಬಂತು. ಜೋಳ ಬಿಟ್ಟು ಹತ್ತಿ ಹಾಕಿದೆವು, ಉಣ್ಣಲು ಅಂಗಡಿಯ ಅಕ್ಕಿ ತಂದೆವು. ಮಣ್ಣು ಗಟ್ಟಿಯಾಗುತ್ತ ಹೋಯಿತು, ಚೀಲಗಳು ಹೆಚ್ಚುತ್ತ ಹೋದವು. ಚೀಲದೊಳಗಿನ ಬಿಳಿ ಹರಳು ಕೂಡ ನೆಲದಡಿಯ ಅನಿಲದಿಂದಲೇ ಆಗುವುದು, ಡೀಸೆಲ್ಲಿನಂತೆ ಅದಕ್ಕೂ ಕೊನೆಯಿದೆ ಎಂಬುದು ನನಗೆ ತಿಳಿದದ್ದು ತೀರಾ ಈಚೆಗೆ. ಈಗ ಆಯಿ ಇಲ್ಲ, ಅಪ್ಪ ಇಲ್ಲ. ಮಾಳಿಗೆ ಕೆಡವಿ ಟ್ರ್ಯಾಕ್ಟರ್ ನಿಲ್ಲಿಸಲು ತಗಡಿನ ಶೆಡ್ ಹಾಕಿದೆವು. ಮೂರು ಎಕರೆ ಹೊಲ, ಆ ಕಲ್ಲು ನನ್ನ ಪಾಲಿಗೆ ಬಂದವು.

ಸಿಂಧನೂರಿನಿಂದ ಬರಿಗೈಯಲ್ಲಿ ಬಂದ ಮಾರನೆಯ ದಿನ ಕಲ್ಲನ್ನು ಕೈಚೀಲದಲ್ಲಿ ಹಾಕಿಕೊಂಡು ಲಿಂಗಸುಗೂರಿಗೆ ಹೋಗಿ, ಅಲ್ಲಿಂದ ಗುರುಗುಂಟಾದ ಬಸ್ಸು ಹತ್ತಿದೆ. ಭೀಮಣ್ಣ ತೀರಿಕೊಂಡಿದ್ದ. ತಲೆ ನೆರೆತ ಬೀರಪ್ಪ ಹಗ್ಗ ಹೊಸೆಯುತ್ತ ಕೂತಿದ್ದ.

"ಗುರುತು ಸಿಕ್ಕಿತೇನು?" ಎಂದೆ.

"ಗೌಡ್ರ ಮೂಗು ಯಾರಿಗೆ ಗುರುತು ಸಿಗಂಗಿಲ್ಲ? ಚೀಲ ಖಾಲಿ ಆದ್ವೇನ್ರಿ ಅಕ್ಕಾ?"

"ಆದ್ವು."

"ಅದಕ್ಕ ನೆನಪಾಗೀವಿ."

ಕೈಚೀಲ ಬಿಚ್ಚಿದೆ. ಕಲ್ಲನ್ನು ಅವನ ಮುಂದಿಟ್ಟೆ. ಅವನು ಅದನ್ನು ಹೊರಳಿಸಿ, ಮೂಸಿ ನೋಡಿದ.

"ಬಳ್ಳೊಳ್ಳಿ ನಾತ ಐತಲ್ರಿ."

"ಆಯಿ ಜಜ್ಜುತ್ತಿದ್ದಳು. ಈಗ ನಾನು."

ಅವನು ಮತ್ತೆ ಹಗ್ಗ ಕೈಗೆತ್ತಿಕೊಂಡ. "ಕೀಟದ ಎಣ್ಣಿ ಹೊಡೆದ ಹೊಲದಾಗ ಕುರಿ ಬಿಡಂಗಿಲ್ಲ ನಾ, ಸಾಯ್ತಾವ. ಇದ್ದದ್ದೂ ಅರ್ಧ ಹಿಂಡು. ನಮ್ಮಪ್ಪ ಉಪವಾಸ ಎದ್ದು ಬಂದ ಹೊಲ ಅದು. ಬರ್ತೀನಂತ ಈಗ ಹೇಳಂಗಿಲ್ಲ. ಕಲ್ಲು ಇಲ್ಲೇ ಬಿಟ್ಟು ಹೋಗ್ರಿ."

ಬಿಟ್ಟು ಬಂದೆ. ಹತ್ತಿ ಹಾಕಲಿಲ್ಲ. ಹಿಂಗಾರಿಗೆ ಚೀಲವಿಲ್ಲದೆ ಜೋಳ ಬಿತ್ತಿದೆ. ಕೀಟದ ಎಣ್ಣೆ ಹೊಡೆಯಲಿಲ್ಲ. ಬೆಳೆ ತೆಳ್ಳಗೆ ಬಂತು, ಓಣಿಯವರು ನಕ್ಕರು. ಅರ್ಧ ಹಿಂಡಿನಿಂದ ಸಿಂಧನೂರಿನ ಗದ್ದೆಗಳೆಲ್ಲ ಬೆಳೆಯುವುದಿಲ್ಲ, ನನಗೆ ಗೊತ್ತು. ನನ್ನ ಕೈಯಲ್ಲಿರುವುದು ಮೂರು ಎಕರೆ. ಅದನ್ನು ಬಿಡುವುದಿಲ್ಲ ಎಂದುಕೊಂಡೆ.

ಸುಗ್ಗಿ ಮುಗಿದು ಎಷ್ಟೋ ದಿನಗಳಾದ ಮೇಲೆ, ಒಂದು ಸಂಜೆ, ರಸ್ತೆಯ ಕಡೆಯಿಂದ ಆ ವಾಸನೆ ಮೊದಲು ಬಂತು, ಗಂಟೆಯ ಸದ್ದು ಆಮೇಲೆ. ಬೀರಪ್ಪ ಬದುವಿನ ಬೇವಿನಮರದಿಂದ ತನ್ನಪ್ಪನ ಲೆಕ್ಕದಂತೆ ಹೆಜ್ಜೆ ಎಣಿಸುತ್ತ ನಡೆದು, ಒಂದೆಡೆ ನಿಂತು, ಕಲ್ಲು ಇಟ್ಟ. ಅಲ್ಲಿಂದ ಬಲೆ ಕಟ್ಟಿದ. ನಾನು ಬುಟ್ಟಿ ತಂದೆ. ಆಯಿ ಕೂರುತ್ತಿದ್ದ ಬದುವಿನ ಮೇಲೆ ಕೂತೆ. ಕುರಿಗಳು ಒಂದೊಂದಾಗಿ ಮಂಡಿಯೂರಿದವು. ಕಡೆಯದು ಮಲಗಿದ ಮೇಲೆ ಅವನು ಬಂದು ಕೂತು, ಅಂಚು ಒಡೆದ ನನ್ನ ರೊಟ್ಟಿಯನ್ನು ಮುರಿದು ಬಾಯಿಗಿಟ್ಟ.

"ಹಿಟ್ಟಿಗೆ ಜಿಗಿ ಇಲ್ಲಕ್ಕ" ಎಂದ. ಮತ್ತೆ ಇನ್ನೊಂದು ತುತ್ತು ಮುರಿದ.