ಮಳಿಗೆಗೆ ಬಂದ ಸಿಲಿಂಡರ್

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಗುಂಡ್ಲುಪೇಟೆಯಲ್ಲಿ ನಾನು, ನನ್ನ ಹೆಂಡತಿ, ಮಳಿಗೆಯ ಮಾಲೀಕ. ಮನೆ ಕೆಡವಿ ಕಟ್ಟಿಸುವವರೆಗೆ ಸಾಮಾನಿಡಲು, ನೆಲದಲ್ಲಿ ತೇವವಿಲ್ಲವೆಂದು ಈ ಮಳಿಗೆಯನ್ನೇ ಬಾಡಿಗೆಗೆ ಹಿಡಿದಿದ್ದೆ. ಎಲ್ಲ ಜೋಡಿಸಿ ಶಟರ್ ಎಳೆಯುವಾಗ ಗ್ಯಾಸ್ ವಾಸನೆ ಬಂತು. ಪಕ್ಕದ ಅಂಗಡಿಯಲ್ಲಿ ವೆಲ್ಡಿಂಗ್ ಕಿಡಿ ಹಾರುತ್ತಿತ್ತು.

"ವೆಲ್ಡಿಂಗ್ ನಿಲ್ಸ್ಲಾ!" ಎಂದು ಅತ್ತ ಕೂಗಿದ ಮಾಲೀಕ ನನ್ನತ್ತ ತಿರುಗಿದ. "ಸಿಲಿಂಡರ್ ಬ್ಯಾಡ ಅಂದಿದ್ನಲ್ಲ ಯಜಮಾನ್ರೇ!"

"ನಾವು ತಂದೇ ಇಲ್ಲ" ಎಂದೆ.

"ಹಾಸಿಗೆ ಸುರುಳೀಲಿ ಅದೆ ಕಣ್ರೀ" ಎಂದಳು ಹೆಂಡತಿ. "ಹೊಸ ಮನೇಲಿ ಹಾಲುಕ್ಕಿಸಕ್ಕೆ ಬೇಕಲ್ವಾ?"

ಸ್ವಿಚ್ ಮುಟ್ಟದೆ ಅರೆಬೆಳಕಲ್ಲೇ ಸುರುಳಿ ಬಿಚ್ಚಿದೆ. ಸಿಲಿಂಡರಿನ ಮುಚ್ಚಳ ಕಳಚಿತ್ತು. ಬಿಗಿಯಾಗಿ ಒತ್ತಿದೆ; ಬುಸುಗುಟ್ಟುವ ಸದ್ದು ನಿಂತಿತು. ಅದನ್ನು ನಾನೂ ಮಾಲೀಕನೂ ಬಯಲಿಗೆ ಹೊತ್ತು ತಂದೆವು. ವಾಸನೆ ಪೂರ್ತಿ ಹೋದ ಮೇಲೆ ಬೀಗ ಹಾಕಿ, ಸಿಲಿಂಡರನ್ನು ಹತ್ತಿರದ ಹಂಗಳ ಊರಿನಲ್ಲಿರುವ ನಾದಿನಿಯ ಮನೆಯಂಗಳದಲ್ಲಿ ಇಳಿಸಿದೆ.